ಕಾರಿನ ಆಂಪ್ಲಿಫೈಯರ್‌ಗೆ ಎಷ್ಟು ಆಂಪಿಯರ್ ಫ್ಯೂಸ್?



ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಮ್ಮ ತನ್ನ ಕಾರಿಗೆ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಹಾಕಿಸಿದ. ಧ್ವನಿ ಏರಿಸಿದಾಗಲೆಲ್ಲ 30 ಆಂಪಿಯರ್ ಫ್ಯೂಸ್ ಸುಟ್ಟು ಹೋಗುತ್ತಿತ್ತು. ಮೂರನೆಯ ಸಲ ಹೋದಾಗ ಅಂಗಡಿಯವರು 60 ಆಂಪಿಯರ್ ಫ್ಯೂಸ್ ಹಾಕಿಕೊಟ್ಟರು. "ಭಾಯಿ, ಇನ್ನು ಹೋಗೋದಿಲ್ಲ" ಎಂದ. ಭೌತಶಾಸ್ತ್ರ ಕಲಿಸುವ ನಾನೂ ತಲೆಯಾಡಿಸಿ ಸುಮ್ಮನಾದೆ.

ಎರಡು ವಾರದ ನಂತರ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆವು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕಾರು ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಮ್ಯಾಟ್ ಎತ್ತಿ ನೋಡಿದರೆ ವೈರಿನ ಹೊದಿಕೆ ಕರಗುತ್ತಿತ್ತು. ಫ್ಯೂಸ್ ಮಾತ್ರ ಹಾಗೆಯೇ ಇತ್ತು! ಆ ದಿನ ಕಲಿತ ಪಾಠವನ್ನು ನಿಮಗೂ ಹೇಳುತ್ತೇನೆ.

ಫ್ಯೂಸ್ ಯಾರಿಗಾಗಿ?

ಬ್ಯಾಟರಿಯ ಬಳಿ ಹಾಕುವ ಫ್ಯೂಸ್ ಮುಖ್ಯವಾಗಿ ಕಾಪಾಡುವುದು ಆಂಪ್ಲಿಫೈಯರನ್ನಲ್ಲ, ಬ್ಯಾಟರಿಯಿಂದ ಡಿಕ್ಕಿಯವರೆಗೆ ಹೋಗುವ ವೈರನ್ನು. ವೈರು ತಾಳುವುದಕ್ಕಿಂತ ಹೆಚ್ಚು ಪ್ರವಾಹ ಹರಿದರೆ ಫ್ಯೂಸ್ ಮೊದಲು ಕರಗಬೇಕು. ನಮ್ಮ ಕಾರಿನಲ್ಲಿ ವೈರು ತೆಳು, ಫ್ಯೂಸ್ ದೊಡ್ಡದು. ಹಾಗಾಗಿ ವೈರೇ ಫ್ಯೂಸಿನ ಕೆಲಸ ಮಾಡತೊಡಗಿತ್ತು.

12 ವೋಲ್ಟ್ ತಾನೆ, ಏನಾಗುತ್ತದೆ?

ಮುಟ್ಟಿದರೆ ಶಾಕ್ ಹೊಡೆಯದಿರಬಹುದು, ಆದರೆ ಬೆಂಕಿಗೆ ಅಷ್ಟು ಸಾಕು. P = VI ನೆನಪಿಸಿಕೊಳ್ಳಿ. 600 ವ್ಯಾಟ್‌ನ ಉಪಕರಣ ಮನೆಯ 230 ವೋಲ್ಟ್‌ನಲ್ಲಿ ಸುಮಾರು 2.6 ಆಂಪಿಯರ್ ಎಳೆಯುತ್ತದೆ. ಕಾರಿನ 12 ವೋಲ್ಟ್‌ನಲ್ಲಿ ಅದೇ 600 ವ್ಯಾಟ್‌ಗೆ 50 ಆಂಪಿಯರ್ ಬೇಕು.

ಜೂಲ್ ನಿಯಮದಂತೆ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ (H = I²Rt). 8 ಗೇಜ್ ತಾಮ್ರದ ವೈರಿನ 5 ಮೀಟರ್ ಉದ್ದಕ್ಕೆ ರೋಧ ಸುಮಾರು 0.0105 ಓಮ್. 50 ಆಂಪಿಯರ್ ಹರಿದರೆ ಉದ್ದಕ್ಕೂ ಹಂಚಿಕೊಂಡು ಸುಮಾರು 26 ವ್ಯಾಟ್ ಉಷ್ಣ. ಶಾರ್ಟ್ ಆಗಿ 500 ಆಂಪಿಯರ್ ಹರಿದರೆ? 2,600 ವ್ಯಾಟ್‌ಗೂ ಹೆಚ್ಚು! ಪ್ರವಾಹ ಹತ್ತು ಪಟ್ಟು, ಉಷ್ಣ ನೂರು ಪಟ್ಟು. ಕಾರಿನ ಬ್ಯಾಟರಿ ಅಷ್ಟು ಪ್ರವಾಹ ಕೊಡಬಲ್ಲದು.

ಲೆಕ್ಕ ಹಾಕುವ ಕ್ರಮ

1. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಗರಿಷ್ಠ ವ್ಯಾಟ್ ನಂಬಬೇಡಿ. ಆರ್‌ಎಂಎಸ್ ವ್ಯಾಟ್ ನೋಡಿ. ತಮ್ಮನ ಆಂಪ್ಲಿಫೈಯರ್ 300 ವ್ಯಾಟ್, ಎಬಿ ವರ್ಗದ್ದು. ಅದರ ದಕ್ಷತೆ ಸುಮಾರು 50% ಎಂದಿಟ್ಟುಕೊಂಡರೆ ಒಳಗೆ ಬೇಕಾದದ್ದು 600 ವ್ಯಾಟ್, ಅಂದರೆ 50 ಆಂಪಿಯರ್.

2. ಆಂಪ್ಲಿಫೈಯರಿನ ಮೈಮೇಲಿರುವ ಫ್ಯೂಸುಗಳನ್ನು ಕೂಡಿಸಿ. ಅದರಲ್ಲಿ 25ರ ಎರಡು ಇದ್ದವು. ಒಟ್ಟು 50. ಲೆಕ್ಕ ತಾಳೆಯಾಯಿತು.

3. ಈ ಪ್ರವಾಹವನ್ನು ತಾಳುವ ವೈರನ್ನು ಮೊದಲು ಆರಿಸಿ. 5 ಮೀಟರ್‌ವರೆಗೆ ಶುದ್ಧ ತಾಮ್ರದ 8 ಗೇಜ್ ವೈರಿಗೆ (ಸುಮಾರು 8 ಚದರ ಮಿ.ಮೀ.) ಸಾಮಾನ್ಯವಾಗಿ 50ರಿಂದ 60 ಆಂಪಿಯರ್ ಮಿತಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರು ಅಗ್ಗ, ಆದರೆ ಅದರ ರೋಧ ಹೆಚ್ಚು. ಅದೇ ಆದರೆ ಇನ್ನೂ ದಪ್ಪದ್ದು ಬೇಕು.

4. ಕೊನೆಗೆ ಫ್ಯೂಸ್. ಅದು ಆಂಪ್ಲಿಫೈಯರಿನ ಬೇಡಿಕೆಗಿಂತ ಕಡಿಮೆ ಇರಬಾರದು, ವೈರಿನ ಮಿತಿಯನ್ನು ಎಂದೂ ಮೀರಬಾರದು. ನಮಗೆ 50 ಆಂಪಿಯರ್ ಸರಿ.

ಎಲ್ಲಿ ಹಾಕಬೇಕು?

ಬ್ಯಾಟರಿಯ ಧನ ತುದಿಯಿಂದ ಸುಮಾರು 45 ಸೆಂ.ಮೀ. ಒಳಗೆ. ಡಿಕ್ಕಿಯಲ್ಲಿ ಹಾಕಿದರೆ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ. ಬಾನೆಟ್‌ನಿಂದ ಒಳಗೆ ಬರುವ ರಂಧ್ರದಲ್ಲಿ ತಗಡಿನ ಅಂಚು ವೈರನ್ನು ಕೊಯ್ಯದಂತೆ ರಬ್ಬರ್ ಬುಷ್ ಇರಲಿ. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿ.

ಈಗ ತಮ್ಮನ ಕಾರಿನಲ್ಲಿ 8 ಗೇಜ್ ತಾಮ್ರದ ವೈರು, 50 ಆಂಪಿಯರ್ ಫ್ಯೂಸ್ ಇವೆ. ಫ್ಯೂಸ್ ಪದೇ ಪದೇ ಹೋದರೆ ಅದು ಏನೋ ಹೇಳುತ್ತಿದೆ ಎಂದರ್ಥ. ಕಾರಣ ಹುಡುಕಿ, ದೊಡ್ಡ ಫ್ಯೂಸ್ ಹಾಕಿ, ಬೆಳ್ಳಿ ಕಾಗದ ಸುತ್ತಿ ಅದರ ಬಾಯಿ ಮುಚ್ಚಿಸಬೇಡಿ.

ನಿಮಗೊಂದು ಲೆಕ್ಕ: 400 ವ್ಯಾಟ್ ಆರ್‌ಎಂಎಸ್, ಡಿ ವರ್ಗದ ಆಂಪ್ಲಿಫೈಯರ್, ದಕ್ಷತೆ 80%. 12 ವೋಲ್ಟ್‌ನಲ್ಲಿ ಎಷ್ಟು ಆಂಪಿಯರ್? ಉತ್ತರ ಸುಮಾರು 42 ಬಂದರೆ ನಿಮಗೆ ಪಾಠ ಅರ್ಥವಾಗಿದೆ.