ಐಷಾರಾಮಿ ವಿದ್ಯುತ್ ಕಾರಿನ ಮುಂದಿನ ಆವೃತ್ತಿ: ಬಂಗಾರಪೇಟೆ–ಕೆಜಿಎಫ್ ಮಾಲೀಕರು ಬೇಡಿಕೆ ಪಟ್ಟಿ ಬರೆಯುವ ಬಗೆ

ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ ಸೀಮೆಯನ್ನು ಹಾದು ಬೇತಮಂಗಲ ಮುಟ್ಟುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಸುಮಾರು 71 ಕಿಲೋಮೀಟರ್ ಭಾಗವು 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದುಕೊಂಡ ಮೇಲೆ, ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶಗಳಿಂದ ಬೆಂಗಳೂರಿಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವುದು ವಿದ್ಯುತ್ ಕಾರಿಗೆ ದೊಡ್ಡ ಸಂಗತಿಯಾಗಿ ಉಳಿದಿಲ್ಲ. ಆ ರಸ್ತೆ ಆರಂಭವಾಗುವ ಹೊಸಕೋಟೆಯಲ್ಲಿಯೇ ವೋಲ್ವೊ ಕಂಪನಿಯು 2022ರಲ್ಲಿ ತನ್ನ ಎಕ್ಸ್‌ಸಿ40 ರೀಚಾರ್ಜ್ ಎಂಬ ವಿದ್ಯುತ್ ಕಾರನ್ನು ಜೋಡಿಸಲು ಆರಂಭಿಸಿತು. ಇಂಥ ಕಾರುಗಳ ಮುಂದಿನ ಆವೃತ್ತಿಯಲ್ಲಿ ಏನು ಸುಧಾರಿಸಬೇಕೆಂದು ಮಾಲೀಕರನ್ನು ಕೇಳಿದರೆ, ಒಂದು ಚಾರ್ಜಿಗೆ ಇನ್ನಷ್ಟು ದೂರ ಓಡಬೇಕು, ಇನ್ನಷ್ಟು ಬೇಗ ಚಾರ್ಜ್ ಆಗಬೇಕು ಎಂಬ ಎರಡು ಉತ್ತರಗಳು ತಟ್ಟನೆ ಬರುತ್ತವೆ. ಆದರೆ ಇವೆರಡನ್ನೂ ಪೈಪೋಟಿಯ ಒತ್ತಡದಿಂದ ಕಂಪನಿಗಳು ಕೇಳದೆಯೇ ಕೊಡುತ್ತವೆ. ಪೋರ್ಷೆ ಕಂಪನಿಯ ಟೈಕಾನ್ ಕಾರು 2019ರಲ್ಲಿ ಬಂದಾಗ ಅದರ ದೊಡ್ಡ ಬ್ಯಾಟರಿಯ ಸಾಮರ್ಥ್ಯ 93.4 ಕಿಲೋವ್ಯಾಟ್ ಗಂಟೆ, ಗರಿಷ್ಠ ಚಾರ್ಜಿಂಗ್ ವೇಗ 270 ಕಿಲೋವ್ಯಾಟ್ ಇದ್ದುದು, 2024ರ ಪರಿಷ್ಕರಣೆಯಲ್ಲಿ ಕ್ರಮವಾಗಿ 105 ಮತ್ತು 320ಕ್ಕೆ ಏರಿತು. ಊರಿನ ರಸ್ತೆ, ಮನೆಯ ವೈರಿಂಗ್, ಹಿಂದಿನ ಸೀಟಿನಲ್ಲಿ ಕೂರುವ ಹಿರಿಯರು, ಇವುಗಳಿಂದ ಹುಟ್ಟುವ ಬೇಡಿಕೆಗಳನ್ನಾದರೋ ಮಾಲೀಕರೇ ಅಳೆದು, ಬರೆದು ಕಳುಹಿಸದ ಹೊರತು ವಿನ್ಯಾಸಕಾರರ ಮೇಜಿಗೆ ಅವು ತಲುಪುವ ದಾರಿಯೇ ಇಲ್ಲ. ಅಂಥ ಪಟ್ಟಿಯನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹಂತ: ಯೂನಿಟ್ ಲೆಕ್ಕ

ಬ್ಯಾಟರಿಯ ಸಾಮರ್ಥ್ಯವನ್ನು ಸೂಚಿಸುವ ಕಿಲೋವ್ಯಾಟ್ ಗಂಟೆ ಎಂಬುದು ಬೆಸ್ಕಾಂ ಬಿಲ್ಲಿನಲ್ಲಿ ಕಾಣುವ ಯೂನಿಟ್ ಅಲ್ಲದೆ ಬೇರೇನೂ ಅಲ್ಲ. ಎಕ್ಸ್‌ಸಿ40 ರೀಚಾರ್ಜ್‌ನ ಎರಡು ಮೋಟಾರಿನ ಆವೃತ್ತಿ ಭಾರತಕ್ಕೆ ಬಂದಾಗ ಅದರ ಬ್ಯಾಟರಿ 78 ಯೂನಿಟ್‌ನದು, ಘೋಷಿತ ಓಟ 418 ಕಿಲೋಮೀಟರ್. ಅಂದರೆ ಯೂನಿಟ್‌ಗೆ ಐದೂಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು. ಘೋಷಿತ ಓಟವೆಂಬುದು ಪ್ರಯೋಗಾಲಯದಲ್ಲಿ ನಿಗದಿತ ಕ್ರಮದಲ್ಲಿ ಓಡಿಸಿ ಪಡೆದ ಅಂಕಿಯಾದ್ದರಿಂದ, ಮಾಲೀಕರು ತಮ್ಮ ರಸ್ತೆಯಲ್ಲಿ ತಮ್ಮದೇ ಅಂಕಿಯನ್ನು ಪಡೆದುಕೊಳ್ಳುವುದು ಅಗತ್ಯ. ಇದಕ್ಕೆ ಹೊಸಕೋಟೆ–ಬೇತಮಂಗಲದ ನಡುವಣ ಭಾಗ ಹೇಳಿ ಮಾಡಿಸಿದಂತಿದೆ: ಸಿಗ್ನಲ್ ಇಲ್ಲ, ಅಡ್ಡ ಬರುವ ರಸ್ತೆಯಿಲ್ಲ, ಆರಂಭಿಸಿದ ವೇಗವನ್ನೇ ಕೊನೆಯವರೆಗೆ ಕಾಯ್ದುಕೊಳ್ಳಬಹುದು. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗಿ ಬಂದು, 100 ಕಿಲೋಮೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತೆಂದು ಬರೆದಿಟ್ಟುಕೊಂಡು, ಬೇರೊಂದು ದಿನ ಅದೇ ಹೊತ್ತಿನಲ್ಲಿ, ಅಷ್ಟೇ ಜನರೊಂದಿಗೆ, ಅನುಮತಿಯಿರುವ ಹೆಚ್ಚಿನ ವೇಗದಲ್ಲಿ ಅದನ್ನೇ ಮಾಡಬೇಕು. ಒಂದೇ ದಿಕ್ಕಿನ ಅಂಕಿಯನ್ನು ನಂಬುವಂತಿಲ್ಲ. ರಸ್ತೆಯ ಇಳಿಜಾರು ಮತ್ತು ಗಾಳಿಯ ದಿಕ್ಕು ಸೇರಿ ಒಂದು ಕಡೆಗೆ ಲಾಭ, ಇನ್ನೊಂದು ಕಡೆಗೆ ನಷ್ಟ ತೋರಿಸುವುದರಿಂದ ಹೋಗಿಬರುವ ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಕು.

ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 80ರಿಂದ 120ಕ್ಕೆ, ಅಂದರೆ ಒಂದೂವರೆ ಪಟ್ಟು ಆದಾಗ, ಗಾಳಿಯನ್ನು ಸೀಳಲು ಪ್ರತಿ ಕಿಲೋಮೀಟರಿಗೆ ಬೇಕಾಗುವ ಶಕ್ತಿ ಎರಡೂಕಾಲು ಪಟ್ಟು ಆಗುತ್ತದೆ. ಎತ್ತರದ, ಚೌಕಾಕಾರದ ಎಸ್‌ಯುವಿಗಳಲ್ಲಿ ಈ ಏರಿಕೆ ಎದ್ದು ಕಾಣುತ್ತದೆ. ಆದ್ದರಿಂದ ಪಟ್ಟಿಯಲ್ಲಿ ‘ದೊಡ್ಡ ಬ್ಯಾಟರಿ ಬೇಕು’ ಎಂದು ಬರೆಯುವ ಬದಲು ‘ಇಷ್ಟು ವೇಗದಲ್ಲಿ ಯೂನಿಟ್‌ಗೆ ಇಷ್ಟು ಕಿಲೋಮೀಟರ್ ಬೇಕು’ ಎಂದು ಬರೆಯುವುದು ಲೇಸು. ಬ್ಯಾಟರಿ ದೊಡ್ಡದಾದಷ್ಟೂ ತೂಕ ಏರುತ್ತದೆ, ಟೈರು ಸವೆಯುತ್ತದೆ, ಬೆಲೆಯೂ ಏರುತ್ತದೆ. ಕಡಿಮೆ ಯೂನಿಟ್‌ನಲ್ಲಿ ಹೆಚ್ಚು ದೂರ ಓಡುವ ಕಾರಿಗೆ ಈ ಮೂರೂ ಹೊರೆಗಳಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಐಷಾರಾಮದ್ದಲ್ಲವಾದರೂ, ಸೀಸ–ಆಮ್ಲ ಬ್ಯಾಟರಿಯಿಂದ ಲಿಥಿಯಂ ಬ್ಯಾಟರಿಗೆ ಸಾಗಿದ ಅದರ ಆವೃತ್ತಿಗಳ ಚರಿತ್ರೆಯನ್ನು ಗಮನಿಸಿದವರಿಗೆ ಬ್ಯಾಟರಿಯ ತೂಕ ಎಂಥ ಭಾರವೆಂಬುದು ಗೊತ್ತಿರುತ್ತದೆ.

ಎರಡನೆಯ ಹಂತ: ಮನೆಯ ಚಾರ್ಜಿಂಗ್

ಹೆಚ್ಚಿನ ದೂರುಗಳು ಹುಟ್ಟುವುದೂ ಇಲ್ಲಿಯೇ, ಕಾರಿನದಲ್ಲದ ತಪ್ಪು ಕಾರಿನ ತಲೆಗೆ ಬರುವುದೂ ಇಲ್ಲಿಯೇ. ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಬಂದಾಗ ಬೆಂಗಳೂರಿಗೆ ಇನ್ನೂ ವಿದ್ಯುದ್ದೀಪ ಬಂದಿರಲಿಲ್ಲ. ರಾಜಧಾನಿಗಿಂತ ಮೊದಲೇ ಕರೆಂಟು ಕಂಡ ಊರೆಂಬ ಹೆಮ್ಮೆ ಕೆಜಿಎಫ್‌ನವರಿಗೆ ಸಲ್ಲತಕ್ಕದ್ದೇ. ಆದರೆ ಹಳೆಯ ಮನೆಗಳ ವೈರಿಂಗ್ ಆ ಹೆಮ್ಮೆಯ ಬಲದಿಂದ ಕಾರನ್ನು ಚಾರ್ಜ್ ಮಾಡಲಾರದು.

ಮೊದಲು ನೋಡಬೇಕಾದುದು ಅರ್ಥಿಂಗ್, ಅಂದರೆ ಸೋರುವ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿ. ಫ್ಯಾನು, ದೀಪ, ಮಿಕ್ಸಿಗಳು ಅರ್ಥಿಂಗ್ ಕೆಟ್ಟಿದ್ದರೂ ಸದ್ದಿಲ್ಲದೆ ನಡೆಯುತ್ತವೆ. ಕಾರಿನ ಚಾರ್ಜರ್ ಮಾತ್ರ ಪ್ರತಿಸಲವೂ ಅದನ್ನು ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಕೋಲಾರ ಜಿಲ್ಲೆಯ ಕಲ್ಲುನೆಲದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಮಣ್ಣಿನ ತೇವ ಆರಿದಂತೆ ಅರ್ಥಿಂಗ್ ದುರ್ಬಲವಾಗುವುದರಿಂದ, ಇದ್ದಿಲು–ಉಪ್ಪು ತುಂಬಿದ ಹಳೆಯ ಗುಂಡಿಗೆ ನೀರು ಹಾಕುತ್ತಿರಬೇಕು, ಇಲ್ಲವೇ ಚಾರ್ಜರ್‌ಗೆಂದೇ ಹೊಸ ಗುಂಡಿ ತೋಡಿಸಬೇಕು. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬರಿಂದ ನ್ಯೂಟ್ರಲ್ ಮತ್ತು ಅರ್ಥ್ ತಂತಿಗಳ ನಡುವಣ ವೋಲ್ಟೇಜನ್ನು ಅಳೆಯಿಸಿದರೆ, ಅದು ಕೆಲವೇ ವೋಲ್ಟ್‌ಗಳೊಳಗೆ ಇದೆಯೇ ಎಂಬುದರಿಂದ ದೋಷ ಯಾರದೆಂದು ಬಹುಮಟ್ಟಿಗೆ ತಿಳಿಯುತ್ತದೆ.

ಎರಡನೆಯದು ಫೇಸ್. ಸಿಂಗಲ್ ಫೇಸ್‌ನಲ್ಲಿ 230 ವೋಲ್ಟ್, 32 ಆಂಪಿಯರ್ ಸಿಕ್ಕಿದರೆ ಸುಮಾರು 7.4 ಕಿಲೋವ್ಯಾಟ್ ವೇಗದಲ್ಲಿ, ತ್ರೀ ಫೇಸ್‌ನಲ್ಲಿ ಪ್ರತಿ ಫೇಸ್‌ಗೆ 16 ಆಂಪಿಯರ್ ಸಿಕ್ಕಿದರೆ ಸುಮಾರು 11 ಕಿಲೋವ್ಯಾಟ್ ವೇಗದಲ್ಲಿ ಕಾರು ಚಾರ್ಜ್ ಆಗುತ್ತದೆ. ಮಾಮೂಲಿ ಪ್ಲಗ್ಗಿನಿಂದ 10 ಆಂಪಿಯರ್ ಮಾತ್ರ ಎಳೆದರೆ 78 ಯೂನಿಟ್ ತುಂಬಲು ಒಂದು ದಿನಕ್ಕಿಂತಲೂ ಹೆಚ್ಚು ಹೊತ್ತು ಬೇಕು. ಮನೆಗೆ ಮಂಜೂರಾದ ಲೋಡ್ ಎಷ್ಟೆಂಬುದನ್ನು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಇಷ್ಟಾದ ಮೇಲೂ ಉಳಿಯುವ ತೊಂದರೆಗಳೇ ಕಾರಿನ ಪಟ್ಟಿಗೆ ಸೇರಬೇಕಾದವು. ಅವುಗಳಲ್ಲಿ ಮುಖ್ಯವಾದದ್ದು, ಸಂಜೆಯ ಹೊತ್ತು ವೋಲ್ಟೇಜ್ ಕುಸಿದಾಗ ಚಾರ್ಜಿಂಗ್ ಪೂರ್ತಿ ನಿಂತುಹೋಗಿ, ವೋಲ್ಟೇಜ್ ಮರಳಿದರೂ ತಾನಾಗಿ ಮತ್ತೆ ಆರಂಭವಾಗದಿರುವುದು. ಮುಂದಿನ ಆವೃತ್ತಿಯ ಕಾರು ಇಂಥ ವೇಳೆಯಲ್ಲಿ ಎಳೆಯುವ ಆಂಪಿಯರನ್ನು ತಾನೇ ತಗ್ಗಿಸಿಕೊಳ್ಳಬೇಕು, ಕರೆಂಟು ಬಂದೊಡನೆ ಮುಂದುವರಿಸಬೇಕು, ನಿಂತದ್ದು ಯಾವಾಗ, ಏಕೆ ಎಂಬುದನ್ನು ಫೋನಿನಲ್ಲಿ ಸರಳ ವಾಕ್ಯದಲ್ಲಿ ತಿಳಿಸಬೇಕು. ಬೆಳಿಗ್ಗೆ ಆರಕ್ಕೆ ಬೆಂಗಳೂರಿಗೆ ಹೊರಡಬೇಕಾದವರಿಗೆ ಮಸಾಜ್ ಮಾಡುವ ಸೀಟಿಗಿಂತ ಇದರ ಉಪಯೋಗ ಹೆಚ್ಚು.

ಕಾರಿನ ಬ್ಯಾಟರಿಯಿಂದ 230 ವೋಲ್ಟ್ ವಿದ್ಯುತ್ತನ್ನು ಹೊರಗೆ ಕೊಡುವ ವ್ಯವಸ್ಥೆಯನ್ನು ವೆಹಿಕಲ್ ಟು ಲೋಡ್ ಎನ್ನುತ್ತಾರೆ. ಹ್ಯುಂಡೈ ಐಯಾನಿಕ್ 5ರಲ್ಲಿರುವ ಈ ಸೌಲಭ್ಯ ಅದಕ್ಕಿಂತ ದುಬಾರಿಯಾದ ಹಲವು ಕಾರುಗಳಲ್ಲಿ ಇಲ್ಲದಿರುವುದು ವಿಚಿತ್ರವೇ ಸರಿ. ಒಂದು ಕಿಲೋವ್ಯಾಟ್ ಬಳಕೆಯ ಮನೆಗೆ ಆರು ಗಂಟೆ ಕರೆಂಟು ಕೊಟ್ಟರೂ ಖರ್ಚಾಗುವುದು ಆರು ಯೂನಿಟ್ ಮಾತ್ರವಾದ್ದರಿಂದ ಇದನ್ನು ಧಾರಾಳವಾಗಿ ಕೇಳಬಹುದು. ಆದರೆ ಆ ವಿದ್ಯುತ್ತನ್ನು ಮನೆಯ ಪ್ಲಗ್ಗಿನ ಮೂಲಕ ವೈರಿಂಗ್‌ಗೆ ಹಿಮ್ಮುಖವಾಗಿ ಹರಿಸುವುದು ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಜೀವಕ್ಕೆ ಅಪಾಯ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದಕ್ಕೆ ಕೈಹಾಕಕೂಡದು.

ಮೂರನೆಯ ಹಂತ: ವೇಗದ ಚಾರ್ಜಿಂಗ್‌ನ ಬೇಡಿಕೆಯನ್ನು ತಿದ್ದಿಕೊಳ್ಳುವುದು

ಸಾರ್ವಜನಿಕ ಕೇಂದ್ರದ ಯಂತ್ರ 60 ಕಿಲೋವ್ಯಾಟ್‌ನದಾಗಿದ್ದರೆ 320 ಕಿಲೋವ್ಯಾಟ್ ತಾಳಬಲ್ಲ ಕಾರಿಗೂ ಸಿಗುವುದು ಅಷ್ಟೇ. ಅಂಥ ಯಂತ್ರದಲ್ಲಿ 78 ಯೂನಿಟ್ ಬ್ಯಾಟರಿಯನ್ನು ಶೇಕಡಾ 10ರಿಂದ 80ಕ್ಕೆ ತರಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ. ಇನ್ನೊಂದು ತೊಡಕೆಂದರೆ, ಒಳಗಿನ ವ್ಯವಸ್ಥೆ 800 ವೋಲ್ಟ್‌ನದಾಗಿರುವ ಕೆಲವು ಕಾರುಗಳು 400 ವೋಲ್ಟ್‌ಗೆ ಸೀಮಿತವಾದ ಹಳೆಯ ಯಂತ್ರಗಳಲ್ಲಿ ಇತರ ಕಾರುಗಳಿಗಿಂತ ನಿಧಾನವಾಗಿ ಚಾರ್ಜ್ ಆಗುವುದುಂಟು. ಹಾಗಾಗಿ ಈ ಭಾಗದ ಮಾಲೀಕರು ಗರಿಷ್ಠ ವೇಗದ ಬೆನ್ನು ಹತ್ತದೆ, ಸಾಧಾರಣ ಯಂತ್ರದಲ್ಲೂ ಕೊನೆಯವರೆಗೆ ವೇಗ ತಗ್ಗದಿರುವುದನ್ನೂ, ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿನಲ್ಲಿ ಬ್ಯಾಟರಿಯನ್ನು ತಂಪಾಗಿಡುವುದನ್ನೂ ಕೇಳಬೇಕು.

ನಾಲ್ಕನೆಯ ಹಂತ: ಉಬ್ಬು, ದೂಳು, ಪಂಕ್ಚರ್

ಬ್ಯಾಟರಿ ಇರುವುದು ಕಾರಿನ ತಳದಲ್ಲಿ. ನೆಲದಿಂದ ತಳಕ್ಕಿರುವ ಅಂತರವನ್ನು ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಕೈಪಿಡಿಯಲ್ಲಿ ಕೊಟ್ಟ ಅಂಕಿ ಖಾಲಿ ಕಾರಿನದೇ, ತುಂಬಿದ ಕಾರಿನದೇ ಎಂದು ಕೇಳಿ ತಿಳಿದುಕೊಳ್ಳಬೇಕು. ಐದು ಜನರನ್ನೂ ಸಾಮಾನನ್ನೂ ತುಂಬಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ತಗ್ಗಾದ ಭಾಗವನ್ನು ಸ್ಕೇಲಿನಿಂದ ಅಳೆಯಬೇಕು. ಬಳಿಕ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ರಸ್ತೆ ಉಬ್ಬುಗಳ ಮೇಲೆ ನಡಿಗೆಯ ವೇಗದಲ್ಲಿ ದಾಟಿಸಿ, ಎಲ್ಲಿ ತಗುಲಿತೆಂಬುದನ್ನು ಜಾಗದ ಹೆಸರಿನೊಡನೆ ಬರೆದಿಡಬೇಕು. ಗಾಳಿಯ ಸಸ್ಪೆನ್ಷನ್ ಇರುವ ಕೆಲವು ಕಾರುಗಳು ಒಮ್ಮೆ ಗುರುತಿಸಿಕೊಟ್ಟ ಜಾಗ ಬಂದಾಗ ತಾವಾಗಿಯೇ ಮೈ ಎತ್ತಿಕೊಳ್ಳುತ್ತವೆ. ಟೈಕಾನ್‌ನಲ್ಲಿ ಇದು ಈಗಾಗಲೇ ಇದೆ. ಉಬ್ಬುಗಳು ವರ್ಷಕ್ಕೊಮ್ಮೆ ಜಾಗ ಬದಲಿಸುವ ಊರುಗಳಲ್ಲಿ ಹಳೆಯ ಗುರುತನ್ನು ಅಳಿಸುವ ಸೌಕರ್ಯವನ್ನೂ ಜೊತೆಗೇ ಕೇಳುವುದು ಒಳ್ಳೆಯದು.

ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಹುಡಿಯ ರಾಶಿಗಳು, ಜನ ಸೈನೈಡ್ ದಿಬ್ಬಗಳೆಂದು ಕರೆಯುವವು, ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿದ ಬಳಿಕವೂ ಊರ ನಡುವೆ ನಿಂತಿವೆ, ಗಾಳಿಯ ದಿನಗಳಲ್ಲಿ ಅವುಗಳ ನಯವಾದ ದೂಳು ಎಲ್ಲೆಡೆ ಹರಡುತ್ತದೆ. ಹೊಸ ಕಾರುಗಳ ಕ್ಯಾಮೆರಾ, ಸೆನ್ಸರ್‌ಗಳ ಮೇಲೆ ಅದು ಕೂತರೆ ಚಾಲಕನಿಗೆ ನೆರವಾಗುವ ವ್ಯವಸ್ಥೆಗಳು ಕೆಲಸ ನಿಲ್ಲಿಸುವುದರಿಂದ, ಹಿಂಬದಿ ಕ್ಯಾಮೆರಾಕ್ಕೆ ನೀರಿನ ಚಿಮ್ಮುನಳಿಕೆ ಮತ್ತು ಮನೆಯಲ್ಲೇ ಬಿಚ್ಚಿ ಹಾಕಬಹುದಾದ ಕ್ಯಾಬಿನ್ ಫಿಲ್ಟರ್ ಪಟ್ಟಿಯಲ್ಲಿರಬೇಕು.

ಸ್ಟೆಪ್ನಿಯ ಮಾತು ಇನ್ನೂ ಸರಳ. ಹಲವು ದುಬಾರಿ ವಿದ್ಯುತ್ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಬದಲಿಗೆ ತೂತು ಮುಚ್ಚುವ ದ್ರಾವಣ ಮತ್ತು ಪುಟ್ಟ ಪಂಪು ಇರುತ್ತವೆ. ಟೈರಿನ ಪಕ್ಕೆ ಸೀಳಿದರೆ ಅವು ನಿಷ್ಪ್ರಯೋಜಕ. ರಾತ್ರಿ ಹೊತ್ತು ಬೇತಮಂಗಲದ ಆಚೆ ಟೈರು ಸೀಳಿದರೆ ಎರಡು ಟನ್ನಿಗೂ ಮಿಕ್ಕ ಕಾರನ್ನು ಎತ್ತಿ ಒಯ್ಯಲು ಸಪಾಟಾದ ಹಾಸಿನ ಲಾರಿಯೇ ಬೇಕು, ಏಕೆಂದರೆ ಚಾಲಕ ಚಕ್ರಗಳು ನೆಲದಲ್ಲಿ ಉರುಳುವಂತೆ ವಿದ್ಯುತ್ ಕಾರನ್ನು ಎಳೆದೊಯ್ದರೆ ಮೋಟಾರಿಗೆ ಹಾನಿಯಾಗಬಹುದು. ತೆಳುವಾದ ಸ್ಟೆಪ್ನಿಯಾದರೂ ಬೇಕೆಂಬುದು ನ್ಯಾಯವಾದ ಬೇಡಿಕೆ.

ಐದನೆಯ ಹಂತ: ಹಿಂದಿನ ಸೀಟು ಮತ್ತು ಪರದೆ

ಈ ಬೆಲೆಯ ಕಾರನ್ನು ಕೊಂಡ ಮನೆಯಲ್ಲಿ ಮುಖ್ಯರಾದವರು ಕೂರುವುದು ಹಿಂದೆಯೇ. ಬ್ಯಾಟರಿಯಿಂದಾಗಿ ನೆಲ ಎತ್ತರವಾಗಿ, ಸೀಟು ಇದ್ದಲ್ಲೇ ಉಳಿದರೆ, ಕೂತವರ ಮಂಡಿ ಮೇಲೇಳುತ್ತದೆ, ತೊಡೆಗೆ ಆಧಾರ ತಪ್ಪುತ್ತದೆ. ಶೋರೂಮಿನ ಐದು ನಿಮಿಷದಲ್ಲಿ ತಿಳಿಯದ ಈ ಕೊರತೆ ಬೆಂಗಳೂರು ಮುಟ್ಟುವಷ್ಟರಲ್ಲಿ ಸೊಂಟಕ್ಕೆ ತಿಳಿಯುತ್ತದೆ. ಮನೆಯ ಹಿರಿಯರನ್ನು ಒಂದು ಗಂಟೆ ಕೂರಿಸಿ, ಇಳಿಯುವಾಗ ಆಸರೆ ಬೇಕಾಯಿತೇ ಎಂದು ಗಮನಿಸಿ ಬರೆಯಬೇಕು.

ಎಸಿ, ಕನ್ನಡಿ, ವೈಪರ್‌ಗಳನ್ನೂ ಟಚ್ ಪರದೆಯೊಳಗೆ ಸೇರಿಸಿದ ವಿನ್ಯಾಸದ ಬಗ್ಗೆ ಜಗತ್ತಿನಾದ್ಯಂತ ಅಸಮಾಧಾನವಿದ್ದು, ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರನ್, ವೈಪರ್ ಮುಂತಾದವಕ್ಕೆ ಪ್ರತ್ಯೇಕ ಗುಂಡಿ ಇಲ್ಲವೇ ಕಡ್ಡಿ ಇರುವ ಕಾರುಗಳಿಗೆ ಅಂಕ ಕೊಡುವ ಕ್ರಮ ತಂದಿದೆ. ಧ್ವನಿ ಆದೇಶವನ್ನು ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಮನೆಯಲ್ಲಿ ಕೇಳಿಬರುವ ಕೆಜಿಎಫ್‌ನಲ್ಲಿ ಪರೀಕ್ಷಿಸುವುದಂತೂ ಸುಲಭ: ಊರಿಗಾಂ, ಮಾರಿಕುಪ್ಪಂ, ಬೇತಮಂಗಲ ಎಂದು ಮಾಮೂಲಿಯಾಗಿ ಹೇಳಿ, ಕಾರು ಯಾವ ಊರಿಗೆ ದಾರಿ ತೋರಿಸುತ್ತದೆಂದು ನೋಡಿದರೆ ಸಾಕು.

ಕೊನೆಯ ಹಂತ: ವಿಂಗಡಿಸಿ ಕಳುಹಿಸುವುದು

ಬರೆದಿಟ್ಟದ್ದನ್ನೆಲ್ಲ ಈಗ ಬೇರ್ಪಡಿಸಬೇಕು. ಎಸಿ, ವೈಪರ್ ಮುಂತಾದವಕ್ಕೆ ಪ್ರತ್ಯೇಕ ಗುಂಡಿ, ಸ್ಟೆಪ್ನಿ, ಸೀಟಿನ ಎತ್ತರ ಇವು ಮುಂದಿನ ಆವೃತ್ತಿಗೇ ಕಾಯಬೇಕಾದವು. ಚಾರ್ಜಿಂಗ್ ಪುನರಾರಂಭ, ಧ್ವನಿ ಆದೇಶ ಮೊದಲಾದವು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಈಗಿರುವ ಕಾರಿಗೇ ಬರಬಹುದಾದವು. 12 ವೋಲ್ಟ್‌ನ ಸಣ್ಣ ಬ್ಯಾಟರಿ ಎರಡರ ನಡುವೆ ಬರುತ್ತದೆ. ಬಾಗಿಲಿನ ಬೀಗ, ಕಂಪ್ಯೂಟರ್‌ಗಳನ್ನು ಎಚ್ಚರಿಸುವುದು ಈ ಸಣ್ಣ ಬ್ಯಾಟರಿಯಾದ್ದರಿಂದ, ದೊಡ್ಡದು ಭರ್ತಿಯಿದ್ದರೂ ಸಣ್ಣದು ಸತ್ತರೆ ಕಾರು ಕದಲದು. ಅದು ದುರ್ಬಲವಾಗುವ ಮುನ್ಸೂಚನೆಯನ್ನು ಸಾಫ್ಟ್‌ವೇರ್‌ನಿಂದ ಈಗಲೇ ಕೇಳಬಹುದು, ಹೊರಗಿನಿಂದ ಸುಲಭವಾಗಿ ಕರೆಂಟು ಕೊಡುವ ಜಾಗವನ್ನು ಮುಂದಿನ ಆವೃತ್ತಿಯಲ್ಲಿ ಕೇಳಬೇಕು.

ಪ್ರತಿ ಬೇಡಿಕೆಯ ಜೊತೆ ದಿನಾಂಕ, ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆ, ಹೊರಗಿನ ಉಷ್ಣಾಂಶ, ಕಾರಿನಲ್ಲಿದ್ದ ಜನರ ಸಂಖ್ಯೆ ಇರಬೇಕು; ಭಾರಿ ಯಂತ್ರಗಳ ಬಿಇಎಂಎಲ್ ಕಾರ್ಖಾನೆಯಿರುವ ಕೆಜಿಎಫ್ ಊರಿನಲ್ಲಿ ಯಂತ್ರದ ದೋಷವನ್ನು ದಾಖಲಿಸುವ ಶಿಸ್ತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಸ ಆವೃತ್ತಿಗೆ ಕಾಯುವುದೋ ಈಗಲೇ ಬದಲಿಸುವುದೋ ಎಂಬ ಲೆಕ್ಕದಲ್ಲಿ, ಕರ್ನಾಟಕವು 2024ರ ತಿದ್ದುಪಡಿಯಿಂದ 25 ಲಕ್ಷ ರೂಪಾಯಿಗೆ ಮೇಲ್ಪಟ್ಟ ವಿದ್ಯುತ್ ಕಾರುಗಳ ಮೇಲೆ ಶೇಕಡಾ 10ರ ಜೀವಾವಧಿ ತೆರಿಗೆ ವಿಧಿಸಿದ್ದು, ಕಾರು ಬದಲಿಸಿದಾಗ ಹೊಸ ಕಾರಿಗೆ ಅದನ್ನು ಮತ್ತೆ ಕಟ್ಟಬೇಕಾಗುವುದನ್ನು ಸೇರಿಸಿಕೊಳ್ಳಬೇಕು. ಪಟ್ಟಿಯ ಒಂದು ಪ್ರತಿಯನ್ನು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ, ಇನ್ನೊಂದನ್ನು ಸರ್ವಿಸ್ ಸೆಂಟರ್‌ನ ಜಾಬ್ ಕಾರ್ಡಿಗೆ ಲಗತ್ತಿಸಿ ಸ್ವೀಕೃತಿಯ ಸಹಿ ಪಡೆಯಬೇಕು. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್‌ಗಳ ವಾರಂಟಿ ಕೊಡುವುದರಿಂದ, ಇಂದು ಸುಧಾರಣೆಯ ಬೇಡಿಕೆಯೆಂದು ಬರೆದದ್ದು ನಾಳೆ ದೋಷವೆಂದು ತೀರ್ಮಾನವಾದಾಗ ಆ ಸಹಿಯ ಕಾಗದವೇ ದಾಖಲೆಯಾಗುತ್ತದೆ.