ನೆರೆಮನೆಯ ನಾಯಿ: ದೂರು ಕೊಡುವುದೆ, ಸುಮ್ಮನಿರುವುದೆ?



ಹೊಟ್ಟೆಪಾಡಿಗಾಗಿ ಪರಊರಿಗೆ ಬಂದ ನಮ್ಮಂಥವರಿಗೆ ನೆರೆಮನೆಯೇ ಬಂಧುಬಳಗ. ಅರ್ಧರಾತ್ರಿ ಜ್ವರವೇರಿದರೆ ನಾವು ತಟ್ಟುವುದು ನೆರೆಯವರ ಬಾಗಿಲನ್ನು. ತಿಂಗಳ ಕೊನೆಗೆ ಪಗಾರ ಮುಗಿದಾಗ ಕೈಗಡ ಕೇಳುವುದೂ ಅವರನ್ನೇ. ಅಂಥವರ ಮೇಲೆ ದೂರು ಕೊಡಬೇಕಾದ ಪ್ರಸಂಗ ಬಂದರೆ ಹೇಗೆ? ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡಿರುವ ವಿಷಯ ಇದೇ. ನಮ್ಮದೇ ಅನುಭವದಿಂದ ಆರಂಭಿಸುತ್ತೇವೆ.

ನಡೆದ ಸಂಗತಿ

ನಾವಿರುವುದು ಮುಂಬಯಿಯ ಒಂದು ಚಾಳಿನಲ್ಲಿ. ಅಲ್ಲಿ ಕೊನೆಯ ಖೋಲಿಯವರು ಎರಡು ನಾಯಿಗಳನ್ನು ಸಾಕಿದ್ದಾರೆ. ಅವರೂ ನಮ್ಮ ಕಡೆಯವರೇ. ನಮ್ಮ ಮನೆಯವರು ಹೆರಿಗೆಗೆ ಆಸ್ಪತ್ರೆ ಸೇರಿದ್ದಾಗ ನಾಲ್ಕು ದಿನ ನಮಗೆ ಬಡಿಸಿದ ಪುಣ್ಯಾತ್ಮರು. ಆದರೆ ಸಂಜೆಯಾದೊಡನೆ ಬಾಗಿಲು ತೆರೆದು ನಾಯಿಗಳನ್ನು ಹೊರಗೆ ಬಿಡುತ್ತಿದ್ದರು. ಕೊರಳಿಗೆ ಹಗ್ಗವಿಲ್ಲ, ಜೊತೆಗೆ ಜನವಿಲ್ಲ. ಅವು ಗಲ್ಲಿಯ ಬಾಯಲ್ಲಿ ಅಡ್ಡ ನಿಂತು ಗುರುಗುಟ್ಟುವವು. ಹೆದರಿ ಓಡಿದವರ ಹಿಂದೆ ಬೀಳುವವು. ಯಾರನ್ನೂ ಕಚ್ಚಿರಲಿಲ್ಲ.

‘ಕಚ್ಚಿಲ್ಲವಲ್ಲ’ ಎಂಬ ಆ ಒಂದು ಮಾತೇ ನಮ್ಮೆಲ್ಲರ ಬಾಯಿ ಕಟ್ಟಿತ್ತು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಹೇಳಿಕೊಳ್ಳುತ್ತಲೇ ನಾವು ಗಿರಣಿಯ ಎರಡನೆಯ ಪಾಳಿ ಮುಗಿಸಿ ಬರುವಾಗ, ಮಳೆಯಿಲ್ಲದ ದಿನಗಳಲ್ಲೂ, ಕೈಯಲ್ಲಿ ಕೊಡೆ ಹಿಡಿದಿರುತ್ತಿದ್ದೆವು.

ಇದೇ ಸಮಯದಲ್ಲಿ ನಿವೃತ್ತ ಮಾಸ್ತರರೊಬ್ಬರು ನಮ್ಮ ವಾಚನಾಲಯಕ್ಕೆ ಬರುವುದನ್ನು ನಿಲ್ಲಿಸಿದರು. ಮಂಡಿನೋವಿರಬೇಕೆಂದು ನಾವು ತಿಳಿದೆವು. ಒಂದು ಭಾನುವಾರ ಮಾಸಪತ್ರಿಕೆ ಕೊಡಲು ಅವರ ಮನೆಗೆ ಹೋದಾಗ, “ಕಾಲು ಗಟ್ಟಿಯಾಗಿಯೇ ಇವೆ ಮಾರಾಯರೆ. ಆ ಗಲ್ಲಿ ದಾಟುವ ಧೈರ್ಯ ಮಾತ್ರ ಇಲ್ಲ” ಎಂದರು. ಎದುರು ಖೋಲಿಯ ಹುಡುಗಿ ಸಂಜೆಯ ಟ್ಯೂಶನ್ ಬಿಟ್ಟದ್ದೂ ಇದೇ ಕಾರಣಕ್ಕೆಂದು ಆಮೇಲೆ ತಿಳಿಯಿತು.

ನಮಗೆ ನಾಚಿಕೆಯಾಯಿತು. ನಾಲ್ಕು ದಿನದ ಊಟದ ಋಣ ನಮ್ಮದು. ಅದನ್ನು ತೀರಿಸುತ್ತಿದ್ದವರು ಮಾಸ್ತರರು ಮತ್ತು ಆ ಹುಡುಗಿ. ಲೆಕ್ಕ ಬರೆಯುವ ಗುಮಾಸ್ತರಾದ ನಮಗೆ ಈ ಲೆಕ್ಕ ಅಷ್ಟು ದಿನ ಹೊಳೆದಿರಲಿಲ್ಲ.

ರೋಗದ ವಿಚಾರ

ನಾಯಿಯ ಕಡಿತವನ್ನು ಹಗುರವಾಗಿ ಎಣಿಸಬಾರದು. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ನರಗಳ ಮೂಲಕ ಮಿದುಳಿಗೆ ಏರುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೋಗಿ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಲಕ್ಷಣ ಕಾಣುವ ಮೊದಲೇ ಚುಚ್ಚುಮದ್ದು ಪಡೆದರೆ ಪ್ರಾಣ ಉಳಿಯುತ್ತದೆ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನು ನಾಯಿ ಕಚ್ಚಿದ ಒಬ್ಬ ಬಾಲಕನಿಗೆ ಈ ಮದ್ದು ಕೊಡಿಸಿ ಬದುಕಿಸಿದ ಮೇಲೆ ಈ ಚಿಕಿತ್ಸೆ ಲೋಕಕ್ಕೆಲ್ಲ ಹರಡಿತು.

ಕಚ್ಚಿದ ಕೂಡಲೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಅರಿಶಿನ ಮೆತ್ತುವ ಊರ ಪದ್ಧತಿ ಬೇಡ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ‘ಹೊಟ್ಟೆಗೆ ಹದಿನಾಲ್ಕು ಸೂಜಿ’ ಎಂಬ ಹೆದರಿಕೆ ಈಗ ಹಳತು. ಇಂದಿನ ಮದ್ದನ್ನು ಸಾಮಾನ್ಯವಾಗಿ ತೋಳಿಗೆ ಕೊಡುತ್ತಾರೆ. 28 ದಿನಗಳ ಅವಧಿಯಲ್ಲಿ ನಾಲ್ಕೈದು ಸಲ ಹೋದರಾಯಿತು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದೂ ಬೇಕಾಗುತ್ತದೆ. ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡುವುದು ಸರಿ. ಆದರೆ ಆ 10 ದಿನ ಮುಗಿಯಲೆಂದು ಮದ್ದನ್ನು ತಡೆಯಬಾರದು.

ಕಾಯಿದೆಯ ವಿಚಾರ

ಬೀದಿನಾಯಿಯ ವಿಷಯ ಬೇರೆ, ಸಾಕುನಾಯಿಯ ವಿಷಯ ಬೇರೆ. ಬೀದಿನಾಯಿಗಳಿಗೆ ಸಂತಾನಹರಣ ಮಾಡಿಸಿ ಲಸಿಕೆ ಹಾಕಿಸುವ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಇಟ್ಟಿವೆ. ಸಾಕುನಾಯಿಯ ಲಸಿಕೆಯ ಹೊಣೆ ಸಾಕಿದವರದು. ಮುಂಬಯಿಯಲ್ಲಿ ಸಾಕುನಾಯಿಗೆ ಮಹಾನಗರಪಾಲಿಕೆಯ ಪರವಾನಗಿಯೂ ಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಹೇಳುವುದಿಷ್ಟು: ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವವಿದ್ದು, ಅದನ್ನು ತಡೆಯುವ ಎಚ್ಚರಿಕೆಯನ್ನು ತಿಳಿದೂ ತಿಳಿದು ಅಥವಾ ಅಲಕ್ಷ್ಯದಿಂದ ಕೈಗೊಳ್ಳದವರಿಗೆ 6 ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬರಿಯ ಬೊಗಳಿಕೆಗೆ ಈ ಕಲಮು ತಗಲುವುದಿಲ್ಲ. ಹಾಗೆಯೇ, ಕಚ್ಚುವತನಕ ಕಾಯಬೇಕೆಂದೂ ಅದು ಹೇಳುವುದಿಲ್ಲ.

ನಮ್ಮ ಚಾಳಿನ ತರುಣರೊಬ್ಬರು, “ದೂರು ಯಾಕೆ? ಮಾಂಸದ ತುಂಡಿಗೆ ವಿಷ ಸವರಿದರೆ ಮುಗಿಯಿತು” ಎಂದಿದ್ದರು. ಅದು ಪಾಪವೂ ಹೌದು, ಅಪರಾಧವೂ ಹೌದು. ಅದೇ ಸಂಹಿತೆಯ 325ನೆಯ ಕಲಮಿನಂತೆ ಅದಕ್ಕೆ 5 ವರ್ಷದವರೆಗೆ ಸಜೆಯಾಗಬಹುದು. ನಾಯಿಯನ್ನು ಸದಾ ಸರಪಳಿಯಲ್ಲಿ ಬಿಗಿದು, ಓಡಾಡಿಸದೆ ಇಡುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಒಪ್ಪುವುದಿಲ್ಲ. ಹೀಗಾಗಿ ನಾವು ಕೇಳಬೇಕಾದದ್ದು ಇಷ್ಟೇ: ನಾಯಿ ಹೊರಗೆ ಬರುವಾಗ ಹಗ್ಗವಿರಲಿ, ಹಗ್ಗದ ತುದಿಯಲ್ಲಿ ಮನುಷ್ಯರಿರಲಿ.

ನಡೆಯಬೇಕಾದ ಕ್ರಮ

1. ಮೊದಲು ಮುಖಾಮುಖಿ ಮಾತಾಡಿರಿ. ಹತ್ತು ಜನರ ಗುಂಪು ಕಟ್ಟಿಕೊಂಡು ಹೋಗಬೇಡಿರಿ. ಗುಂಪು ಕಂಡರೆ ಎಂಥವರಿಗೂ ರೋಷ ಬರುತ್ತದೆ. ನಾಯಿಯನ್ನು ಬಯ್ಯದೆ, ಯಾರಿಗೆ ಏನು ತೊಂದರೆಯಾಗಿದೆ ಎಂಬುದನ್ನು ಹೇಳಿರಿ.

2. ಅದೇ ದಿನದಿಂದ ಟಿಪ್ಪಣಿ ಇಡಿರಿ. ‘ಕ್ರೂರ ನಾಯಿ’, ‘ಮನುಷ್ಯತ್ವವಿಲ್ಲದ ಮಾಲಿಕ’ ಎಂಬ ವಿಶೇಷಣಗಳು ಕಚೇರಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ಇಂಥ ದಿನಾಂಕ, ರಾತ್ರಿ 10-30, ಎರಡು ನಾಯಿ, ಹಗ್ಗವಿಲ್ಲ, ನಲ್ಲಿಯ ಬಳಿ ಇಂಥವರನ್ನು ಅಡ್ಡಗಟ್ಟಿದವು’ ಎಂದು ಬರೆದಿಡಿರಿ.

3. ಮಾತಿಗೆ ಫಲ ಸಿಗದಿದ್ದರೆ, ತೊಂದರೆಗೊಳಗಾದವರ ಸಹಿ ಹಾಕಿಸಿ ಮನೆಯವರಿಗೇ ಒಂದು ಪತ್ರ ಕೊಡಿರಿ. ಸೊಸೈಟಿ ಇದ್ದರೆ ಅದರ ಕಾರ್ಯದರ್ಶಿಗೂ ಒಂದು ಪ್ರತಿ ಹೋಗಲಿ.

4. ಅದೂ ಸಾಗದಿದ್ದರೆ ವಾರ್ಡ್ ಆಫೀಸಿಗೆ ಅರ್ಜಿ. ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿರಿ.

5. ನಾಯಿ ಕಚ್ಚಿದ್ದರೆ, ಮೈಮೇಲೆ ಎರಗಿದ್ದರೆ, ಇಲ್ಲವೆ ಮಾಲಿಕರೇ ಬೆದರಿಕೆ ಹಾಕಿದರೆ ಮೊದಲ ಮೂರು ಮೆಟ್ಟಿಲು ಬಿಟ್ಟು ನೇರವಾಗಿ ಪೊಲೀಸು ಠಾಣೆಗೆ ಹೋಗಿರಿ. ನಾಯಿ ಜೊಲ್ಲು ಸುರಿಸುತ್ತ, ತೂರಾಡುತ್ತ, ಕಂಡದ್ದನ್ನೆಲ್ಲ ಕಚ್ಚುತ್ತಿದ್ದರೆ ಮಹಾನಗರಪಾಲಿಕೆಗೆ ಆಗಿಂದಾಗಲೇ ತಿಳಿಸಿರಿ.

‘ನಾವು ಪರಊರಿನವರು, ನಮಗೇಕೆ ಕಚೇರಿಯ ಗೊಡವೆ’ ಎಂಬ ಅಳುಕು ನಮ್ಮವರಲ್ಲಿ ಬಹಳ. ದೂರು ಕೊಡುವ ಹಕ್ಕಿಗೆ ಮಾತೃಭಾಷೆ ಅಡ್ಡಬರುವುದಿಲ್ಲ. ಅರ್ಜಿ ಬರೆಯಲು ತೊಡಕಾದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ.

ಮುಂದೇನಾಯಿತು

ಮೊದಲ ಮಾತಿಗೆ ಆ ಮನೆಯ ಯಜಮಾನರು, “ಅವು ಏನೂ ಮಾಡುವುದಿಲ್ಲ ಮಾರಾಯರೆ, ನಮ್ಮ ಮಕ್ಕಳಿದ್ದ ಹಾಗೆ” ಎಂದು ನಕ್ಕರು. ಎರಡು ವಾರ ಹಗ್ಗ ಕಂಡಿತು. ಮೂರನೆಯ ವಾರ ಮಾಯವಾಯಿತು. ಪತ್ರ ಕೊಟ್ಟಾಗ, “ನಮ್ಮ ಅನ್ನ ಉಂಡವರೇ ಸಹಿ ಹಾಕಿದ್ದೀರಿ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ಮರುವಾರ ಅರ್ಜಿ ಕೊಟ್ಟೆವು, ನಮ್ಮ ಹೆಸರನ್ನೇ ಮೊದಲು ಬರೆದೆವು. ವಾರ್ಡ್ ಆಫೀಸಿನವರು ಬಂದು ಪರವಾನಗಿ ಮತ್ತು ಲಸಿಕೆಯ ಕಾಗದ ಕೇಳಿದರು. ಆ ದಿನದಿಂದ ಹಗ್ಗ ತಪ್ಪಿಲ್ಲ.

ಮಾಸ್ತರರು ಈಗ ಮತ್ತೆ ಬರುತ್ತಿದ್ದಾರೆ. ಕಿಟಕಿಯ ಬಳಿಯ ತಮ್ಮ ಹಳೆಯ ಕುರ್ಚಿಯಲ್ಲೇ ಕೂರುತ್ತಾರೆ. ಆ ಮನೆಯಿಂದ ಅಷ್ಟಮಿಗೆ ತಪ್ಪದೆ ಬರುತ್ತಿದ್ದ ಕೊಟ್ಟೆ ಕಡುಬು ಈ ಸಲ ಬರಲಿಲ್ಲ. ನಮ್ಮ ಮನೆಯಿಂದ ಚೌತಿಯ ಚಕ್ಕುಲಿ ಕಳಿಸಿದೆವು. ತಟ್ಟೆಯನ್ನು ತೆಗೆದುಕೊಂಡಿದ್ದಾರೆ, ತಿರುಗಿ ಬರುವುದನ್ನು ಕಾಯುತ್ತಿದ್ದೇವೆ.

ಅಭ್ಯಾಸಕ್ಕೆ

1. ನಿಮ್ಮ ಗಲ್ಲಿಯಲ್ಲಿ ಇಂಥ ತೊಂದರೆ ಇದ್ದರೆ, ಅದರಿಂದ ದಾರಿ ಬದಲಿಸಿದವರು ಯಾರು ಯಾರು?

2. ನೀವು ಸುಮ್ಮನಿರುವುದರ ಬೆಲೆಯನ್ನು ಕೊಡುತ್ತಿರುವವರು ನೀವೋ, ಬೇರೆಯವರೋ?