ದುಡಿಯುವ ಮೈಗೂ ವಾಕಿಂಗ್ ಬೇಕೇ?

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿ, ಡೆಂಕಣಿಕೋಟೆ ಕಡೆಯ ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು, "ಶುಗರ್ ಸ್ವಲ್ಪ ಜಾಸ್ತಿ ಇದೆ ಅಮ್ಮ, ದಿನಾ ಅರ್ಧ ಗಂಟೆ ನಡೀರಿ" ಅಂದರೆ ಏನು ಉತ್ತರ ಬರುತ್ತದೆ ಅಂತ ಊಹಿಸಬಹುದು. "ಬೆಳಗಿಂದ ಟೊಮೇಟೊ ತೋಟದಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದೋಗಿದೆ. ಇನ್ನೆಲ್ಲಿ ನಡೆಯೋದು ತಾಯಿ?" ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಪೂರ್ತಿ ನಿಂತೇ ಕೆಲಸ ಮಾಡುವ ಹುಡುಗನೂ ಇದನ್ನೇ ಕೇಳುತ್ತಾನೆ. ಎಂಬತ್ತು ದಾಟಿದ ತಾತನ ಪ್ರಶ್ನೆ ಬೇರೆ: "ಈ ವಯಸ್ಸಲ್ಲಿ ಇನ್ಯಾಕಪ್ಪ?"

ಇವು ಸೋಮಾರಿಗಳ ನೆಪವಲ್ಲ. ವೈದ್ಯಕೀಯ ಸಂಶೋಧನೆ ಎಪ್ಪತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಇಂಥ ಪ್ರಶ್ನೆಗಳ ಬಗ್ಗೆಯೇ. ಆ ಸಂಶೋಧನೆ ನಡೆಯುವುದು ಹೇಗೆ, ಅದರ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಹೊಸಬರಿಗಾಗಿ ಮೊದಲಿಂದ ಹೇಳುತ್ತೇನೆ.

ಕಥೆ ಶುರುವಾಗುವುದು ಲಂಡನ್ನಿನ ಬಸ್ಸುಗಳಲ್ಲಿ. ಆಗ ಅಲ್ಲಿನ ಡಬಲ್ ಡೆಕರ್ ಬಸ್ಸಿನಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರೂ ಒಂದೇ ಸಂಸ್ಥೆಯ ನೌಕರರು, ಹೆಚ್ಚೂಕಡಿಮೆ ಒಂದೇ ವರ್ಗದ ಜನ. ಜೆರೆಮಿ ಮಾರಿಸ್ ಎಂಬ ವೈದ್ಯರು ಸಾವಿರಾರು ಸಾರಿಗೆ ನೌಕರರ ದಾಖಲೆ ತೆಗೆದು ನೋಡಿದಾಗ ಹೃದಯಾಘಾತ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ ಎಂದು ಕಂಡಿತು. 1953ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಂದರೆ ಮೆಟ್ಟಿಲು ಹತ್ತಿದ್ದೇ ಕಾರಣ, ಮಾತು ಮುಗಿಯಿತೇ? ಮಾರಿಸ್ ಸ್ವತಃ ಅಷ್ಟು ಬೇಗ ಒಪ್ಪಲಿಲ್ಲ. ನೌಕರರ ಯೂನಿಫಾರಂ ಅಳತೆಗಳನ್ನು ಹುಡುಕಿ ತೆಗೆದರು. ಡ್ರೈವರುಗಳ ಪ್ಯಾಂಟಿನ ಸೊಂಟದ ಅಳತೆ ಮೊದಲಿನಿಂದಲೇ ದೊಡ್ಡದಿತ್ತು! ದಪ್ಪಗಿದ್ದವರು ಕೂರುವ ಕೆಲಸ ಹಿಡಿದರೋ, ಕೂತದ್ದರಿಂದ ಕಾಯಿಲೆ ಬಂತೋ? ಜನ ಬದುಕುವ ರೀತಿಯನ್ನು ದೂರದಿಂದ ನೋಡಿ ಲೆಕ್ಕ ಹಾಕುವ ಅಧ್ಯಯನಗಳಿಗೆಲ್ಲ ಈ ಅನುಮಾನ ನೆರಳಿನಂತೆ ಅಂಟಿಕೊಂಡಿರುತ್ತದೆ. ನಮ್ಮಲ್ಲೇ ನೋಡಿ, ತಮಿಳುನಾಡು ಸರ್ಕಾರ 2023ರ ನವೆಂಬರಿನಲ್ಲಿ ಪ್ರತಿ ಜಿಲ್ಲೆಯಲ್ಲೂ 8 ಕಿಲೋಮೀಟರಿನ ಆರೋಗ್ಯ ನಡಿಗೆಯ ದಾರಿ ಗೊತ್ತುಮಾಡಿತು. ಆ ದಾರಿಯಲ್ಲಿ ಬೆಳಿಗ್ಗೆ ನಡೆಯುವವರನ್ನು ಪರೀಕ್ಷಿಸಿದರೆ ಅವರು ಊರಿನ ಉಳಿದವರಿಗಿಂತ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅದರಿಂದ ಏನೂ ಸಾಬೀತಾಗುವುದಿಲ್ಲ, ಯಾಕೆಂದರೆ ಮಂಡಿ ನೋವಿನವರು ಅಲ್ಲಿಗೆ ಬಂದೇ ಇರುವುದಿಲ್ಲ.

ಇದಕ್ಕೆ ಸಂಶೋಧಕರು ಕಂಡುಕೊಂಡ ದಾರಿ ಚೀಟಿ ಎತ್ತುವುದು. ಒಪ್ಪಿ ಬಂದವರಲ್ಲಿ ಯಾರು ನಡೆಯಬೇಕು, ಯಾರು ಎಂದಿನಂತೆ ಇರಬೇಕು ಎಂಬುದನ್ನು ವೈದ್ಯರೂ ನಿರ್ಧರಿಸುವಂತಿಲ್ಲ, ರೋಗಿಯೂ ನಿರ್ಧರಿಸುವಂತಿಲ್ಲ. ಅದೃಷ್ಟವೇ ನಿರ್ಧರಿಸಬೇಕು. ಆಗ ದಪ್ಪಗಿರುವವರು, ಸಣ್ಣಗಿರುವವರು, ಬೀಡಿ ಸೇದುವವರು, ಸೇದದವರು ಎರಡೂ ಗುಂಪಿಗೆ ಹೆಚ್ಚೂಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಕೊನೆಗೆ ಕಾಣುವ ವ್ಯತ್ಯಾಸವನ್ನು ನಡಿಗೆಯ ಲೆಕ್ಕಕ್ಕೆ ಬರೆಯಬಹುದು. ಮಾತ್ರೆಯ ಪರೀಕ್ಷೆಯಲ್ಲಾದರೆ ಹುಸಿ ಮಾತ್ರೆ ಕೊಟ್ಟು ಯಾರಿಗೆ ಯಾವುದು ಎಂದು ಮುಚ್ಚಿಡಬಹುದು. ಹುಸಿ ನಡಿಗೆ ಅಂತ ಒಂದಿಲ್ಲವಲ್ಲ. ಹಾಗಾಗಿ ವ್ಯಾಯಾಮದ ಸಂಶೋಧನೆಗೆ ಈ ಕೊರತೆ ಯಾವತ್ತೂ ತಪ್ಪಿದ್ದಲ್ಲ.

ಚೀಟಿ ಎತ್ತಿದ ಇಂಥ ಪರೀಕ್ಷೆಗಳಲ್ಲಿ ನಮಗೆ ಹತ್ತಿರದ್ದು ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ನಡೆಸಿದ್ದು. ಅದರ ಫಲಿತಾಂಶ 2006ರಲ್ಲಿ ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಎನ್ನುವ ಸ್ಥಿತಿಯಲ್ಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಬಿಟ್ಟು ಬೇರೇನಿಲ್ಲ. ಒಂದಕ್ಕೆ ಊಟದ ಹಿಡಿತ ಮತ್ತು ದಿನಕ್ಕೆ ಅರ್ಧ ಗಂಟೆಯ ನಡಿಗೆ, ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ಕೊನೆಯದಕ್ಕೆ ಎರಡೂ. ಮೂರು ವರ್ಷದ ಲೆಕ್ಕದಲ್ಲಿ ಮೊದಲ ಗುಂಪಿನ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ನಡಿಗೆ ಮತ್ತು ಊಟದ ಗುಂಪಿನಲ್ಲಿ ನೂರಕ್ಕೆ 39. ಮಾತ್ರೆಯ ಗುಂಪಿನಲ್ಲೂ ಸುಮಾರು ಅಷ್ಟೇ, ಎರಡನ್ನೂ ಸೇರಿಸಿದರೂ ಅಷ್ಟೇ.

ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 55ರಿಂದ 39ಕ್ಕೆ ಇಳಿಯಿತೆಂದರೆ ನೂರರಲ್ಲಿ 16 ಜನ ಬಚಾವಾದರು. ಪತ್ರಿಕೆಗಳು ಇದನ್ನೇ 'ಅಪಾಯ ಶೇಕಡಾ 28ರಷ್ಟು ಕಡಿತ' ಎಂದು ಬರೆಯುತ್ತವೆ. ಸುಳ್ಳಲ್ಲ, ಆದರೆ ಕೇಳುವವರಿಗೆ ನೂರರಲ್ಲಿ 28 ಜನ ಉಳಿದರು ಅನ್ನಿಸುತ್ತದೆ. ಎಷ್ಟು ಜನರಲ್ಲಿ ಎಷ್ಟು ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಇನ್ನೊಂದು ಮಾತು: ನಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಫಲ ಸಿಕ್ಕಿತು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ದಾರಿ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳಬಲ್ಲದು. ತೂಕದ ಮುಳ್ಳು ಅಲ್ಲಾಡಲಿಲ್ಲವೆಂದು ನಡಿಗೆ ಬಿಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಟೊಮೇಟೊ ತೋಟದ ತಾಯಿಗೆ ಬೇಕಾದ ಸಂಗತಿಯೂ ಆ ಅಧ್ಯಯನದಲ್ಲಿದೆ. ಆಗಲೇ ಮೈಮುರಿದು ದುಡಿಯುತ್ತಿದ್ದವರಿಗೆ, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ನಡೆಯುತ್ತಿದ್ದವರಿಗೆ, ಸೈಕಲ್ ತುಳಿಯುತ್ತಿದ್ದವರಿಗೆ ಸಂಶೋಧಕರು ಹೊಸದಾಗಿ ನಡೆಯಿರಿ ಎನ್ನಲಿಲ್ಲ. ಮಾಡುತ್ತಿರುವುದನ್ನೇ ಮುಂದುವರಿಸಿ ಎಂದರು.

ಹಾಗಿದ್ದರೆ ಹೊಲದ ಕೆಲಸ ವ್ಯಾಯಾಮವೇ? ಇಲ್ಲಿ ಸಂಶೋಧನೆ ಎರಡು ದನಿಯಲ್ಲಿ ಮಾತಾಡುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವಿನ ವೇಳೆಯಲ್ಲಿ ಓಡಾಡುವವರಿಗೆ ಹೃದಯದ ಕಾಯಿಲೆ ಕಡಿಮೆ, ಹೊಟ್ಟೆಪಾಡಿಗಾಗಿ ಮೈದಣಿಸುವವರಿಗೆ ಹೆಚ್ಚು ಎಂದು ಕಂಡಿತು. ಸಂಶೋಧಕರು ಕೊಡುವ ವಿವರಣೆ ಹೀಗೆ: ವ್ಯಾಯಾಮದಲ್ಲಿ ಎದೆಬಡಿತ ಏರುತ್ತದೆ, ಆಮೇಲೆ ವಿಶ್ರಾಂತಿ ಸಿಗುತ್ತದೆ. ಕೂಲಿಯಲ್ಲಿ ಎದೆಬಡಿತವೂ ರಕ್ತದೊತ್ತಡವೂ ತಾಸುಗಟ್ಟಲೆ ಮೇಲೆಯೇ ಇರುತ್ತವೆ, ಸಾಕೆನಿಸಿದಾಗ ನಿಲ್ಲಿಸುವ ಅಧಿಕಾರ ದುಡಿಯುವವರ ಕೈಯಲ್ಲಿಲ್ಲ. ವಿರೋಧಿಸುವವರು ಬೇರೆ ಹೇಳುತ್ತಾರೆ: ಅದು ಕೆಲಸದ ದೋಷವಲ್ಲ, ಬಡತನದ್ದು. ಬಸ್ ಡ್ರೈವರನ ಪ್ಯಾಂಟು ಇಲ್ಲೂ ಬಂತು ನೋಡಿ.

ಇನ್ನೊಂದು ದನಿ 'ಪ್ಯೂರ್' ಅಧ್ಯಯನದ್ದು. 17 ದೇಶಗಳ 1,30,000ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ನಮ್ಮ ಪಕ್ಕದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಅದರ ಪಾಲುದಾರ. 2017ರಲ್ಲಿ ಅವರು ಹೇಳಿದ್ದು: ಕೆಲಸಕ್ಕೆ ಹೋಗುವ ನಡಿಗೆ, ಮನೆಗೆಲಸ, ದುಡಿಮೆ ಯಾವುದಾದರೂ ಸರಿ, ಮೈ ಅಲ್ಲಾಡಿಸುವವರಲ್ಲಿ ಸಾವೂ ಹೃದಯದ ಕಾಯಿಲೆಯೂ ಕಡಿಮೆ. ಡೆನ್ಮಾರ್ಕಿನ ಕಾರ್ಮಿಕನಿಗಿಂತ ನಮ್ಮ ಕಡೆಯ ಬದುಕಿಗೆ ಈ ಅಧ್ಯಯನವೇ ಹತ್ತಿರ ಎಂದು ನನಗೆ ತೋರುತ್ತದೆ. ಆದರೂ ಡೇನಿಷರ ಎಚ್ಚರಿಕೆಯನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಬಿಸಿಲಲ್ಲಿ ಬಗ್ಗಿ ಹಣ್ಣು ಕೀಳುವ ಮೈಗೂ ಸಂಜೆ ಕೈಬೀಸಿ ನಡೆಯುವ ಮೈಗೂ ಒಂದೇ ಲೆಕ್ಕ ಬರೆಯುವುದು ಹೇಗೆ? ತೋಟದ ತಾಯಿಗೆ ಇನ್ನೊಂದು ಅರ್ಧ ಗಂಟೆ ದುಡಿಮೆಗಿಂತ ಮಧ್ಯೆ ಕೂರಲು ಬಿಡುವು, ನೆರಳು, ನೀರು ಹೆಚ್ಚು ಉಪಕಾರಿಯಾಗಬಹುದು. ಅದನ್ನು ಅಳೆಯುವ ಅಧ್ಯಯನ ಇಲ್ಲಿಯೇ, ಇಂಥ ತೋಟಗಳಲ್ಲೇ ಆಗಬೇಕು.

ಇನ್ನು ಹಳ್ಳಿಯವರೆಲ್ಲ ದುಡಿಯುತ್ತಾರೆ ಎಂಬ ನಂಬಿಕೆಯ ವಿಷಯ. ತಮಿಳುನಾಡೂ ಸೇರಿದಂತೆ ನಾಲ್ಕು ಕಡೆ 14,227 ಜನರನ್ನು ವಿಚಾರಿಸಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2014ರಲ್ಲಿ ಬಂತು. ಅದರ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜನ ಸಾಕಷ್ಟು ಮೈ ಅಲ್ಲಾಡಿಸುವುದಿಲ್ಲ. ಹಳ್ಳಿಗಳಲ್ಲೇ ಅಂಥವರು ನೂರಕ್ಕೆ 50. ಮೊಪೆಡ್ಡು, ಬೋರ್‌ವೆಲ್ಲು, ಟ್ರ್ಯಾಕ್ಟರು ಬಂದ ಮೇಲೆ ಹೊಲದ ಯಜಮಾನನ ಮೈಗೂ ಕೂಲಿಯವಳ ಮೈಗೂ ಅಂತರ ಬೆಳೆದಿದೆ.

ವಯಸ್ಸಿನ ಮಾತಿಗೆ ಬರೋಣ. ಪ್ರತಿ ವಯಸ್ಸಿನಲ್ಲೂ ಸಂಶೋಧಕರು ಅಳೆಯುವ ವಸ್ತುವೇ ಬೇರೆ. ಹತ್ತು ವರ್ಷದ ಹುಡುಗನಿಗೆ ಹೃದಯಾಘಾತ ಆಗುವುದಿಲ್ಲ, ಹಾಗಾಗಿ ಮಕ್ಕಳಲ್ಲಿ ಮೂಳೆಯ ಗಟ್ಟಿತನ, ದಮ್ಮು, ತೂಕ ಇಂಥವನ್ನು ನೋಡುತ್ತಾರೆ. ಕಣ್ಣನ್ನೂ ನೋಡಿದ್ದಾರೆ. ಚೀನಾದ ಗುವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಚೀಟಿ ಎತ್ತಿ, ಅರ್ಧದಷ್ಟು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಬಯಲಿಗೆ ಬಿಟ್ಟರು. ಮೂರು ವರ್ಷದ ನಂತರ ಹೊಸದಾಗಿ ದೂರದ್ದು ಮಂಜಾಗಿ ಕಾಣತೊಡಗಿದವರು ಆ ಶಾಲೆಗಳಲ್ಲಿ ನೂರಕ್ಕೆ 30, ಉಳಿದ ಶಾಲೆಗಳಲ್ಲಿ ಸುಮಾರು 40. ಇಲ್ಲಿ ಕೆಲಸ ಮಾಡಿದ್ದು ಆಟಕ್ಕಿಂತ ಹೆಚ್ಚಾಗಿ ಬಯಲಿನ ಬೆಳಕಿರಬೇಕು. ಪಿ.ಟಿ. ಪೀರಿಯಡ್ಡನ್ನು ಕೇಳಿ ಪಡೆದುಕೊಳ್ಳುವ ಗಣಿತದ ಮೇಷ್ಟ್ರುಗಳು ಈ ಅಂಕಿಗಳನ್ನೂ ಒಮ್ಮೆ ಬೋರ್ಡಿನ ಮೇಲೆ ಬರೆದು ನೋಡಲಿ.

ಯೌವನದ ಮೈ ಎಲ್ಲವನ್ನೂ ತಾಳುತ್ತದೆ ಅಂದುಕೊಳ್ಳುವವರಿಗೆ ಡಲ್ಲಾಸ್ ನಗರದ ಒಂದು ಪ್ರಯೋಗವಿದೆ. 1966ರಲ್ಲಿ ಇಪ್ಪತ್ತರ ಆಸುಪಾಸಿನ ಐವರು ಯುವಕರನ್ನು ಮೂರು ವಾರ ಹಾಸಿಗೆಯ ಮೇಲೆಯೇ ಮಲಗಿಸಿದರು. ಮೂವತ್ತು ವರ್ಷ ಕಳೆದು ಅದೇ ಐವರನ್ನು ಕರೆದು ಅವರ ದಮ್ಮು ಅಳೆದರು. ಮೂವತ್ತು ವರ್ಷದ ಮುಪ್ಪಿಗಿಂತ ಆ ಮೂರು ವಾರದ ಮಲಗುವಿಕೆಯೇ ಹೆಚ್ಚು ದಮ್ಮು ಕಿತ್ತಿತ್ತು! ಐವತ್ತರ ಆ ಗಂಡಸರು ಆರು ತಿಂಗಳು ತರಬೇತಿ ಮಾಡಿ, ವಯಸ್ಸು ಕಸಿದದ್ದನ್ನು ಹಿಂದಕ್ಕೆ ಪಡೆದರು. ಐದೇ ಜನ ಎಂಬುದನ್ನು ಮರೆಯಬೇಡಿ. ಇದರಿಂದ ನಿಯಮ ಹೊರಡಿಸುವಂತಿಲ್ಲ. ಆದರೆ ಆಪರೇಷನ್ ಆದವರನ್ನು ಇಂದು ಆಸ್ಪತ್ರೆಯಲ್ಲಿ ಬೇಗನೆ ಎಬ್ಬಿಸಿ ನಡೆಸುವುದರ ಹಿಂದೆ ಇಂಥ ಪ್ರಯೋಗಗಳಿವೆ.

ತಾತನ ಪ್ರಶ್ನೆಗೆ ಬಾಸ್ಟನ್ನಿನ ವೃದ್ಧಾಲಯವೊಂದರಿಂದ 1990ರಲ್ಲಿ ಉತ್ತರ ಬಂದಿದೆ. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಕಾಲಿನಿಂದ ಭಾರ ಎತ್ತಿಸಿದರು, ಎಂಟು ವಾರ. ಪೂರ್ತಿ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟು ಮೀರಿತು. ಇದೂ ಪುಟ್ಟ ಗುಂಪೇ. ಹಾಗಾಗಿ ಅಮೆರಿಕದಲ್ಲಿ 70ರಿಂದ 89ರ ವಯಸ್ಸಿನ 1,635 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಸಿ 2014ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಆಯಸ್ಸನ್ನಲ್ಲ, 400 ಮೀಟರ್ ತಾವಾಗಿ ನಡೆಯಬಲ್ಲರೇ ಎಂಬುದನ್ನು. ಆರೋಗ್ಯದ ಪಾಠ ಮಾತ್ರ ಕೇಳಿದವರಲ್ಲಿ ನೂರಕ್ಕೆ 35 ಜನ ಆ ಶಕ್ತಿ ಕಳೆದುಕೊಂಡರು, ವ್ಯಾಯಾಮ ಮಾಡಿದವರಲ್ಲಿ 30. ಅಂತರ ಸಣ್ಣದೇ. ಬಸ್ ಸ್ಟಾಪಿನವರೆಗೆ ಇನ್ನೊಬ್ಬರ ಕೈ ಹಿಡಿಯದೆ ಹೋಗಬಲ್ಲ ಆ ಐವರಿಗೆ ಮಾತ್ರ ಸಣ್ಣದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಇಂಥ ನೂರಾರು ಅಧ್ಯಯನಗಳಿಂದ ಸೋಸಿ ತೆಗೆದದ್ದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕಿನ ನಡಿಗೆಯಂಥದ್ದು, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಮೈಯ ಸಮತೋಲ ಕಾಯುವ ಕಸರತ್ತೂ ಬೇಕು, ಬೀಳದೆ ಇರಲು. ಚುರುಕು ಎಂದರೆ ಎಷ್ಟು? ನಡೆಯುತ್ತಾ ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು. ಎದೆನೋವು, ತಲೆಸುತ್ತು ಇರುವವರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

ಮನೆಬಾಗಿಲಿಗೆ ಬಂದು ಬಿ.ಪಿ., ಶುಗರ್ ಮಾತ್ರೆ ಕೊಡುವ, ಫಿಸಿಯೋಥೆರಪಿ ಮಾಡಿಸುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಲ್ಲಿಯಲ್ಲಿ. ಅದು ಚಿಕಿತ್ಸೆ. ನಾಳೆ ಸಂಶೋಧಕರೂ ಮನೆಗೆ ಬರಬಹುದು, ಸೊಂಟಕ್ಕೋ ಕೈಗೋ ಅಲುಗಾಟ ಎಣಿಸುವ ಪುಟ್ಟ ಯಂತ್ರ ಕಟ್ಟಿ ಒಂದು ವಾರ ಇಟ್ಟುಕೊಳ್ಳಿ ಅನ್ನಬಹುದು. ಚಿಕಿತ್ಸೆಯೋ ಸಂಶೋಧನೆಯೋ ಎಂದು ಮೊದಲು ಕೇಳಿ. ಸಂಶೋಧನೆಯಾದರೆ ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂದು ಐಸಿಎಂಆರ್‌ನ ನಿಯಮವಿದೆ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬೀದಿಯಲ್ಲಿ ಕೇಳುವ ತಳಿ, ಕೆಲಮಂಗಲದಂಥ ಊರುಗಳಲ್ಲಿ ಕನ್ನಡದ ಪ್ರತಿ ಕೊಡಿ ಎನ್ನಲು ಸಂಕೋಚ ಬೇಡ. ಓದಲು ಬಾರದವರಿಗೆ ಓದಿ ಹೇಳಬೇಕು, ಸಾಕ್ಷಿ ಇರಬೇಕು. ಬೇಡ ಎನ್ನಬಹುದು, ನಡುವೆ ಬಿಟ್ಟುಬರಬಹುದು. ಅದರಿಂದ ನಿಮ್ಮ ಮಾತ್ರೆ ನಿಲ್ಲುವಂತಿಲ್ಲ.